ಕುರ್ಚಿ ಮತ್ತು ಉಯ್ಯಾಲೆ

ಗೆಲುವು ಅಂದರೆ ಕುರ್ಚಿ ಅಂತ ನಮ್ಮ ಹಟ್ಟಿಗಳಲ್ಲಿ ನಂಬಿದ್ದೇವೆ. ಮಗ ಆಫೀಸಿನಲ್ಲಿ ಕೂತರೆ ಅವ್ವನ ಕೂಲಿಗೆ ಬೆಲೆ ಬಂತು ಅಂತ. ಆ ನಂಬಿಕೆ ಸುಳ್ಳಲ್ಲ. ಆದರೆ ಕೂತಮೇಲೆ ಏನು? ಜಪಾನಿನ ಅಕಿರಾ ಕುರೋಸಾವಾ 1952ರಲ್ಲಿ ತೆಗೆದ ‘ಇಕಿರು’ ಚಿತ್ರ ಕೇಳುವುದು ಇದನ್ನೇ. ಇಕಿರು ಅಂದರೆ ಬದುಕುವುದು.

ವತನಾಬೆ ನಗರಸಭೆಯ ಒಂದು ವಿಭಾಗದ ಮುಖ್ಯಸ್ಥ. ಹೆಂಡತಿ ಸತ್ತಮೇಲೆ ಮಗನಿಗೋಸ್ಕರ ಬದುಕಿದವನು. ಹತ್ತಿರ ಹತ್ತಿರ 30 ವರ್ಷ ರಜೆ ಹಾಕದೆ ಮೊಹರು ಒತ್ತಿದವನು. ಕೊಳಚೆ ಗುಂಡಿ ಮುಚ್ಚಿಸಿ ಮಕ್ಕಳಿಗೆ ಆಡೋ ಜಾಗ ಮಾಡಿಕೊಡಿ ಅಂತ ಬಂದ ಹೆಂಗಸರನ್ನು ಆಫೀಸು ಆ ಮೇಜಿಂದ ಈ ಮೇಜಿಗೆ ಅಟ್ಟುತ್ತದೆ. ಹೊಟ್ಟೆಯ ಕ್ಯಾನ್ಸರ್ ಅಂತ ಗೊತ್ತಾದಮೇಲೆ ಅವನು ಅದೇ ಅರ್ಜಿ ಎತ್ತಿಕೊಂಡು ಮೇಲಿನವರ ಮುಂದೆ ತಲೆಬಾಗಿ ನಿಲ್ಲುತ್ತಾನೆ. ಪಾರ್ಕು ಆಗುತ್ತದೆ. ಹಿಮ ಬೀಳುವ ರಾತ್ರಿ ಅಲ್ಲಿನ ಉಯ್ಯಾಲೆಯಲ್ಲಿ ಹಾಡಿಕೊಂಡು ಕೂತವನು ಅಲ್ಲೇ ಸಾಯುತ್ತಾನೆ.

ಸಾವಿನ ಮನೆಯಲ್ಲಿ ಅಧಿಕಾರಿಗಳು ಪಾರ್ಕಿನ ಕೀರ್ತಿ ಹಂಚಿಕೊಳ್ಳುತ್ತಾರೆ. ಆ ಹೆಂಗಸರು ಬಂದು ಊದುಬತ್ತಿ ಹಚ್ಚಿ ಅಳುತ್ತಾರೆ. ಮಾತಾಡುವುದಿಲ್ಲ. ಮೇಲಿನವರಿಗೆ ಅಲ್ಲಿ ಕೂರಲಾಗುವುದಿಲ್ಲ. ಕುಡಿದ ಗುಮಾಸ್ತರು ನಾವೂ ಅವನಂಗೆ ದುಡೀತೀವಿ ಅಂತ ಆಣೆ ಹಾಕ್ತಾರೆ. ಆಮೇಲೆ ಆಫೀಸಿಗೆ ಹೊಸ ಅರ್ಜಿ ಬಂದರೆ ಮತ್ತದೇ ‘ಬೇರೆ ಮೇಜು’.

ಅರ್ಜಿ ಹಿಡಿದು ನಿಂತವರ ಮಕ್ಕಳು ನಾವು. ಈಗ ನಮ್ಮಲ್ಲೂ ಕೆಲವರ ಕೈಗೆ ಮೊಹರು ಬಂದಿದೆ. ನಾವು ಸತ್ತಾಗ ಯಾರು ಅಳ್ತಾರೆ ಅನ್ನೋದರಲ್ಲಿ ನಮ್ಮ ಗೆಲುವಿನ ಲೆಕ್ಕ ಇದೆ. ವತನಾಬೆ ಸಾವು ಎದುರಿಗೆ ಬರೋವರೆಗೆ ಕಾದ. ನಾವು ಕಾಯಬೇಕಾಗಿಲ್ಲ. ಗೆಳೆಯರೆ, ಮೇಜಿನ ಮುಂದೆ ನಿಂತಿರೋ ಅವ್ವನಿಗೆ ಮೊದಲು ಕೂರೋಕೆ ಹೇಳಿ. ಆಮೇಲೆ ಅರ್ಜಿ ಓದಿ.