ಸೋದರತ್ತೆ ಹೇಳಿದ ಕಡವೆ

ನನ್ನ ಅಣ್ಣನ ಮಗ ಅಮೆರಿಕದ ಕೊಲರಾಡೊದಲ್ಲಿದ್ದಾನೆ. ಅವನ ಆಫೀಸಿನವರೊಬ್ಬರು ರಿವಾಲ್ವರಿನಿಂದ ಎಲ್ಕ್ ಹೊಡೆದರಂತೆ. ಅದರ ಫೋಟೋ ಕಳಿಸಿ, "ಚಿಕ್ಕಪ್ಪ, ನಮ್ಮ ಮುತ್ತಾತನೂ ಹೊಡೆದಿದ್ದರಲ್ಲ? ಆ ಕತೆ ಬರೆದು ಕಳಿಸಿ, ಇಲ್ಲಿಯವರಿಗೆ ಹೇಳಬೇಕು" ಎಂದು ಕೇಳಿದ.

ಅಮೆರಿಕದ ಎಲ್ಕೇ ಬೇರೆ, ನಮ್ಮದೇ ಬೇರೆ. ಯುರೋಪಿನಲ್ಲಿ ಆ ಹೆಸರಿನ ಪ್ರಾಣಿ ಮತ್ತೊಂದು. ಬ್ರಿಟಿಷರು ಇತ್ತ ಬರುವಾಗ ಹೆಸರುಗಳನ್ನೂ ಗಂಟು ಕಟ್ಟಿಕೊಂಡೇ ಬಂದರು. ಸಿಲೋನಿನಲ್ಲಿ ನಾಯಿಗಳನ್ನು ಬಿಟ್ಟು ಚೂರಿಯಿಂದ ಎಲ್ಕ್ ಬೇಟೆಯಾಡುತ್ತಿದ್ದ ಸ್ಯಾಮ್ಯುಯಲ್ ಬೇಕರ್ ಕೊಂದದ್ದೂ ನಮ್ಮ ದಕ್ಷಿಣದ ಬೆಟ್ಟಗಳ ದೊರೆಗಳು ಎಲ್ಕ್ ಎನ್ನುತ್ತಿದ್ದುದೂ ಒಂದೇ ಪ್ರಾಣಿ, ಕಡವೆ. ತಮಿಳಿನಲ್ಲಿ ಕಡಮಾನ್. ಈ ಸಂಚಿಕೆಯ ಮಲಯಾಳಂ ಪುಟಗಳ ಓದುಗರಿಗೆ ಮ್ಲಾವ್ ಎಂದರೆ ಸಾಕು.

ಸಿಂಗಾನಲ್ಲೂರಿನ ನಮ್ಮ ಮನೆಯ ನಡುಮನೆಯಲ್ಲಿ, ಚೌಡೇಶ್ವರಿಯ ಪಟದ ಮೇಲೆ, ಒಂದು ಜೊತೆ ಕಡವೆ ಕೊಂಬುಗಳಿದ್ದವು. ಒಂದೊಂದರಲ್ಲಿ ಮೂರು ಕವಲು. ನಮ್ಮದು ಮಗ್ಗದ ಮನೆತನ. ತಾತ ಮಾತ್ರ ನಾಲ್ಕಕ್ಷರ ಕಲಿತು ವಾಲ್ಪಾರೈ ಕಡೆಯ ಒಂದು ಚಹಾ ತೋಟದಲ್ಲಿ ರೈಟರ್ ಆಗಿದ್ದರು. 1946ರಲ್ಲಿ ಅವರು ದೊರೆಯ ರಿವಾಲ್ವರಿನಿಂದ ಆರು ಗುಂಡು ಹಾರಿಸಿ ಕಡವೆಯನ್ನು ಕೆಡವಿದರು ಎಂಬುದು ಮನೆಯ ಕತೆ. ಬೀಗರು ಬರಲಿ, ಕರೆಂಟ್ ಬಿಲ್ಲಿನವನು ಬರಲಿ, ಅಪ್ಪ ಕೊಂಬಿನ ಕಡೆ ಕೈ ತೋರಿಸದೆ ಕಾಫಿ ಕೊಡುತ್ತಿರಲಿಲ್ಲ. ತಮಿಳು ಬೀದಿಯಲ್ಲಿ ಕನ್ನಡ ಮಾತಾಡುವ ಮನೆಗೆ ಅದೊಂದು ಗೌರವದ ಹಲಗೆಯಂತಿತ್ತೋ ಏನೋ.

2003ರಲ್ಲಿ ಸರಕಾರದ ಹೊಸ ನಿಯಮ ಬಂತು. ಕೊಂಬು, ಚರ್ಮ ಇಟ್ಟುಕೊಂಡವರು 180 ದಿನಗಳೊಳಗೆ ಅರಣ್ಯ ಇಲಾಖೆಗೆ ತಿಳಿಸಬೇಕು. ವನ್ಯಜೀವಿ ಕಾಯ್ದೆ ಬಂದದ್ದೇ 1972ರಲ್ಲಿ, ನಮ್ಮದು ಅದಕ್ಕೂ ಹಿಂದಿನದು, ಹೆದರಬೇಕಾಗಿಲ್ಲ ಎಂದು ಅಪ್ಪ ಕಾಗದ ಹರಡಿಕೊಂಡು ಕುಳಿತರು. ಕೊಂಬು ಹೇಗೆ ಬಂತು ಎಂಬಲ್ಲಿ "ನನ್ನ ತಂದೆಯವರು ಬೇಟೆಯಾಡಿ" ಎಂದು ಅವರು ಜೋರಾಗಿ ಓದುತ್ತ ಬರೆಯುತ್ತಿದ್ದಾಗ, ಪೊಳ್ಳಾಚಿಯಿಂದ ಬಂದಿದ್ದ ಸೋದರತ್ತೆ ಒಳಗಿನಿಂದಲೇ ಕೂಗಿದರು: "ಸರಕಾರಕ್ಕೂ ಸುಳ್ಳು ಬರೀತೀಯೇನೋ?"

ಅಪ್ಪನಿಗೆ 1946ರಲ್ಲಿ ಆರು ವರ್ಷ, ಅತ್ತೆಗೆ ಹನ್ನೆರಡು. ಅವರು ಅಂದು ಹೇಳಿದ್ದು ಇದು.

"ಅಪ್ಪಯ್ಯನ ಹತ್ರ ಪಿಸ್ತೂಲು ಇದ್ದದ್ದು ಸಂಬಳದ ದುಡ್ಡು ಕಾಯೋಕೆ. ದೊರೆ ಕೊಟ್ಟಿದ್ದ. ಅದರಲ್ಲಿ ಅವರು ಅಲ್ಲಿವರೆಗೂ ಒಂದು ಗುಂಡೂ ಹಾರಿಸಿದವರಲ್ಲ. ಅವತ್ತು ಬೆಳಿಗ್ಗೆ ಕೆನ್ನಾಯಿಗಳು ಕಡವೇನ ಅಟ್ಟಿಕೊಂಡು ಬಂದ್ವು. ಅದು ನಮ್ಮ ಲೈನ್ ಮನೆ ಕೆಳಗಿನ ಹಳ್ಳಕ್ಕಿಳಿದು ನಿಂತುಬಿಡ್ತು. ಹಿಂಗಾಲು ಹರಿದು ಹೋಗಿತ್ತು. ಜನ ಕೂಗಿದ್ದಕ್ಕೆ ನಾಯಿಗಳು ದೂರ ಸರಿದ್ವು, ಅದು ಮಾತ್ರ ನೀರಲ್ಲೇ ನಿಂತಿತ್ತು. ಕೊಂದುಬಿಡಿ ಸಾಮಿ ಅಂತ ಎಲ್ಲರೂ ಅಂದ್ರು. ಅಪ್ಪಯ್ಯ ದಡದಿಂದ ಹೊಡೆದ್ರು. ಮೂರು ಗುಂಡು ನೀರಿಗೆ ಹೋಯ್ತು. ಎರಡು ಹೊಟ್ಟೆಗೆ ಬಿತ್ತು. ಅದು ಬೀಳಲಿಲ್ಲ ಕಣೋ, ನಮ್ಮನ್ನೇ ನೋಡ್ತಾ ಇತ್ತು. ಆಮೇಲೆ ಕಾಡರ ಮುದುಕನೊಬ್ಬ ಅಪ್ಪಯ್ಯನ ತೋಳು ಹಿಡ್ಕೊಂಡು ನೀರಿಗೆ ಇಳಿಸಿದ. ಕೊನೇ ಗುಂಡು ಕಿವಿ ಹತ್ರ ಇಟ್ಟು ಹೊಡೆದದ್ದು."

ಇದರಲ್ಲಿ ನಂಬಲಾಗದ್ದು ಏನೂ ಇಲ್ಲ. ಕೆನ್ನಾಯಿ ಅಟ್ಟಿದಾಗ ಕಡವೆ ನೀರು ಹುಡುಕುವುದು ಅದರ ಸ್ವಭಾವ. ಬೆಳೆದ ಗಂಡು ಇನ್ನೂರು ಕಿಲೋಗೂ ಮೀರಿ ತೂಗುತ್ತದೆ. ಆ ಕಾಲದ ದೊರೆಗಳ ಸೊಂಟದಲ್ಲಿರುತ್ತಿದ್ದ ವೆಬ್ಲಿಯಂಥ ರಿವಾಲ್ವರ್ ಹತ್ತಿರದ ಮನುಷ್ಯನಿಗೆಂದು ಮಾಡಿದ್ದು. ಅದರ ಗುಂಡಿನ ವೇಗ ಯುದ್ಧಕಾಲದ .303 ರೈಫಲಿನ ಗುಂಡಿನ ವೇಗದ ಮೂರರಲ್ಲೊಂದು ಪಾಲೂ ಇಲ್ಲ. ಕುಳ್ಳ ನಳಿಗೆ ಕೈ ಒಂದಿಷ್ಟು ನಡುಗಿದರೂ ಗುರಿ ಎಲ್ಲೋ ಹೋಗುತ್ತದೆ. ಕೊಲರಾಡೊದವರ ಕೈಯಲ್ಲಿರುವ .44 ಮ್ಯಾಗ್ನಮ್ ತರಹದ್ದು ಪೇಟೆಗೆ ಬಂದದ್ದೇ 1950ರ ದಶಕದ ನಡುವಿನಲ್ಲಿ. ಅಲ್ಲಿ ಗುಂಡಿಗೆ ಇಷ್ಟು ಬಲ ಇರಲೇಬೇಕೆಂಬ ನಿಯಮವೂ ಇದೆ. ತಾತನಿಗಿದ್ದದ್ದು ಸಂಬಳದ ಪೆಟ್ಟಿಗೆಯ ಕಾವಲಿನ ಆರು ಗುಂಡು.

"ಮತ್ತೆ ಕೊಂಬು?" ಅಪ್ಪನ ದನಿ ಸಣ್ಣದಾಗಿತ್ತು.

"ಮಾಂಸ ಲೈನಿನವರು ಹಂಚಿಕೊಂಡ್ರು. ಕೊಂಬನ್ನ ದೊರೆ ಹಲಗೆಗೆ ಹೊಡೆಸಿ, ಭಲೇ ಬೇಟೆಗಾರ ಅಂತ ಎಲ್ಲರ ಮುಂದೆ ಕೊಟ್ಟ. ಬೇಡ ಅನ್ನೋಕಾಗತ್ತಾ? ಅಪ್ಪಯ್ಯ ಮೂರು ದಿನ ಊಟ ಬಿಟ್ಟಿದ್ರು. ಈ ಕತೆ ಅವರು ಯಾವತ್ತಾದ್ರೂ ಹೇಳಿದ್ದು ನೀನು ಕೇಳಿದೀಯಾ? ನೀನೇ ಹೇಳ್ಕೊಂಡು ತಿರುಗಿದ್ದು."

ಅಪ್ಪ ಯೋಚಿಸುತ್ತ ಕುಳಿತರು. ತಾತ ತೀರಿಕೊಂಡು ಆಗಲೇ ಮೂವತ್ತು ವರ್ಷ ದಾಟಿತ್ತು. ನನಗೂ ನೆನಪಾಯಿತು, ತಾತ ಯಾವಾಗಲೂ ಕೊಂಬಿಗೆ ಬೆನ್ನು ಹಾಕಿಯೇ ಊಟಕ್ಕೆ ಕೂರುತ್ತಿದ್ದರು. ವಯಸ್ಸಾದವರು, ಗಾಳಿಗೆಂದು ಬಾಗಿಲ ಕಡೆ ಮುಖ ಮಾಡುತ್ತಾರೆ ಎಂದುಕೊಂಡಿದ್ದೆವು.

ಅಪ್ಪ ಬರೆದದ್ದನ್ನು ಹೊಡೆದುಹಾಕಿ, "ತೋಟದ ಮಾಲೀಕರು ನನ್ನ ತಂದೆಗೆ ಕೊಟ್ಟದ್ದು, 1946" ಎಂದು ಬರೆದರು. ಅದು ಸುಳ್ಳಲ್ಲ. ಆ ಮೇಲೆ ಬಂದವರಿಗೆ ಅವರು ಕತೆ ಹೇಳಿದ್ದನ್ನು ನಾನು ಕೇಳಲಿಲ್ಲ. ಯಾರಾದರೂ ತಾವಾಗಿ ವಿಚಾರಿಸಿದರೆ "ಹಳೇದು" ಎಂದು ಸುಮ್ಮನಾಗುತ್ತಿದ್ದರು. ಇದಾಗಿ ಎರಡು ವರ್ಷ ಅಪ್ಪ ಅತ್ತೆಯೊಡನೆ ಸರಿಯಾಗಿ ಮಾತಾಡಲಿಲ್ಲ ಎಂಬುದನ್ನೂ ಹೇಳಬೇಕು. ಈಗ ಇಬ್ಬರೂ ಇಲ್ಲ.

ಅಣ್ಣನ ಮಗನಿಗೆ ಅತ್ತೆ ಹೇಳಿದ್ದನ್ನೇ ಬರೆದು ಕಳಿಸಿದೆ, ಮೂರು ಗುಂಡು ನೀರಿಗೆ ಹೋದದ್ದನ್ನೂ ಸೇರಿಸಿ. ಅವನು ಆಫೀಸಿನಲ್ಲಿ ಹೇಳಿದನೋ ಇಲ್ಲವೋ ತಿಳಿಯದು. ಕಾಡರ ಮುದುಕನ ಹೆಸರೇನು ಎಂದು ಮಾತ್ರ ಕೇಳಿ ಬರೆದಿದ್ದ. ಅತ್ತೆಯನ್ನು ಅದನ್ನು ಕೇಳಿಟ್ಟುಕೊಳ್ಳಲು ನನಗೆ ತೋಚಿರಲಿಲ್ಲ.