ನಂಬದವರ ಮನೆಯ ಹಬ್ಬ

ನಮ್ಮಂಥವರ ಮನೆಯಲ್ಲಿ ಹಬ್ಬವೆಂಬುದು ಒಂದು ಸಣ್ಣ ಸಂಕಟವೇ ಸರಿ. ದೇವರನ್ನು ನಂಬುವ ಗೃಹಸ್ಥನಿಗೆ ಪಂಚಾಂಗವೇ ದಾರಿ ತೋರಿಸುತ್ತದೆ. ಇಂಥ ತಿಥಿಗೆ ಇಂಥ ವ್ರತ, ಇಂಥ ಅಡಿಗೆ, ಇಂಥ ದಾನ ಎಂದು ಹಿರಿಯರು ಗೊತ್ತುಮಾಡಿಟ್ಟ ಮಾರ್ಗದಲ್ಲಿ ಆತನು ನಿಶ್ಚಿಂತೆಯಿಂದ ನಡೆಯಬಹುದು. ಆ ನಂಬಿಕೆ ಉಳಿಯದ ನನ್ನಂಥವನು ಮಾತ್ರ ಪ್ರತಿ ಹಬ್ಬದ ದಿನವೂ ಮಾವಿನೆಲೆಯ ತೋರಣವನ್ನು ಕೈಯಲ್ಲಿ ಹಿಡಿದು ಬಾಗಿಲ ಬಳಿ ನಿಂತು, ಇದನ್ನು ಕಟ್ಟಲೋ ಬೇಡವೋ ಎಂದು ಯೋಚಿಸಬೇಕಾಗುತ್ತದೆ. ಒಂಟಿಯಾಗಿದ್ದರೆ ಚಿಂತೆಯಿಲ್ಲ, ಮನೆಯಲ್ಲಿ ಒಂದು ಮಗುವಿದ್ದರೆ ಆ ಯೋಚನೆಯನ್ನು ನಾಳೆಗೆ ಹಾಕುವಂತಿಲ್ಲ.

ನನ್ನ ನಂಬಿಕೆ ಯಾವುದೋ ಒಂದು ದಿನ ಸಿಡಿಲು ಬಡಿದಂತೆ ಮುರಿದುಬೀಳಲಿಲ್ಲ. ಹಳೆಯ ಪಂಚೆಯಂತೆ ಒಗೆದು ಒಗೆದು ತೆಳ್ಳಗಾಗಿ, ಕಡೆಗೊಮ್ಮೆ ಉಡಲಾಗದಂತಾಯಿತು. ಎ. ಎನ್. ಮೂರ್ತಿರಾಯರು ತೊಂಬತ್ತರ ಪ್ರಾಯದಲ್ಲಿ, 1991ರಲ್ಲಿ, ‘ದೇವರು’ ಎಂಬ ಪುಸ್ತಕವನ್ನು ಪ್ರಕಟಿಸಿ, ದೇವರ ಅಸ್ತಿತ್ವವನ್ನು ತಾವೇಕೆ ಒಪ್ಪಲಾರೆವೆಂಬುದನ್ನು ವಿವರಿಸಿದರು. ಕೋಪವಿಲ್ಲದೆಯೂ, ಯಾರನ್ನೂ ಹಳಿಯದೆಯೂ ಒಬ್ಬನು ನಾಸ್ತಿಕನಾಗಿರಬಹುದೆಂದು ನನಗೆ ಧೈರ್ಯ ಕೊಟ್ಟದ್ದು ಆ ಪುಸ್ತಕ. ನನ್ನ ಮಡದಿಯ ಮನೋಭಾವವೂ ಹೆಚ್ಚು ಕಡಿಮೆ ಇದೇ ಆಗಿತ್ತು. ಆದ್ದರಿಂದ ಮದುವೆಯಾದ ಮೊದಲ ಕೆಲವು ವರ್ಷ ನಮ್ಮ ಮನೆಯಲ್ಲಿ ಹಬ್ಬಗಳಿರಲಿಲ್ಲ. ರಜಾ ದಿನಗಳು ಮಾತ್ರ ಇದ್ದುವು. ಹಬ್ಬದ ಬೆಳಿಗ್ಗೆ ತಡವಾಗಿ ಏಳುವ ಸುಖವನ್ನೇ ನಾವು ವಿಚಾರಸ್ವಾತಂತ್ರ್ಯವೆಂದು ಭಾವಿಸಿದ್ದೆವೋ ಏನೋ!

ಮಗಳಿಗೆ ಐದು ವರ್ಷವಾದ ಭಾದ್ರಪದದಲ್ಲಿ ಆ ಸುಖಕ್ಕೆ ಭಂಗ ಬಂದಿತು. ನೆರೆಮನೆಯಿಂದ ಓಡಿಬಂದ ಮಗು, “ಎಲ್ಲರ ಮನೆಗೂ ಗಣಪತಿ ಬಂದಿದ್ದಾನೆ. ನಮ್ಮ ಮನೆಗೆ ಏಕೆ ಬರಲಿಲ್ಲ? ನಾವು ಏನು ತಪ್ಪು ಮಾಡಿದೆವು?” ಎಂದು ಕೇಳಿತು. ದೇವರ ವಿಷಯವಾಗಿ ದೊಡ್ಡವರ ಸಂಗಡ ಗಂಟೆಗಟ್ಟಲೆ ವಾದಿಸಬಲ್ಲ ನಾನು ಆ ಮಗುವಿಗೆ ಉತ್ತರ ಹೇಳಲಾರದೆ ಹೋದೆ. ಅದು ಕೇಳಿದ್ದು ದೇವರನ್ನಲ್ಲ. ಬೀದಿಯ ಮಕ್ಕಳಿಗೆಲ್ಲ ಇದ್ದ ಒಂದು ಸಂತೋಷ ತನಗೇಕೆ ಇಲ್ಲವೆಂದು ಕೇಳಿತು. ಅಪರಾಧವಿಲ್ಲದ ಮಗುವಿಗೆ ಅಪರಾಧದ ಭಾವನೆಯನ್ನು ಕೊಟ್ಟ ವಿಚಾರವಾದ ಎಷ್ಟರ ಮಟ್ಟಿಗೆ ವಿಚಾರವಾದ?

ಅದೇ ಕಾಲಕ್ಕೆ ನನ್ನ ಅಕ್ಕ ನಮ್ಮೊಡನೆ ಇರಲು ಬಂದಳು. ಭಾವನವರು ಹಿಂದಿನ ವರ್ಷ ತೀರಿಕೊಂಡಿದ್ದರು. ತಾಯಿಯಿಲ್ಲದ ನನ್ನನ್ನು ಚಿಕ್ಕಂದಿನಲ್ಲಿ ಎತ್ತಿ ಆಡಿಸಿದವಳು ಅವಳು. ಅವಳು ದೈವಭಕ್ತೆ; ಅವಳ ದೇವರ ಗೂಡು ಅವಳೊಡನೆಯೇ ಬಂದಿತು. ನಾವು ಆಕ್ಷೇಪಿಸಲಿಲ್ಲ, ಅವಳೂ ನಮಗೆ ಬೋಧಿಸಲಿಲ್ಲ. ಆದರೆ ಸಂಕ್ರಾಂತಿ ಹತ್ತಿರವಾದಾಗ ಒಂದು ಮಧ್ಯಾಹ್ನ ಈಳಿಗೆಮಣೆಯ ಮುಂದೆ ಕುಳಿತು ಕೊಬ್ಬರಿಯನ್ನೂ ಬೆಲ್ಲವನ್ನೂ ಸಣ್ಣ ಸಣ್ಣ ಚೂರುಗಳಾಗಿ ಹೆಚ್ಚತೊಡಗಿದಳು. ಮಗಳು ಪಕ್ಕದಲ್ಲಿ ಕುಳಿತು ಹುರಿಗಡಲೆಯನ್ನೂ ಕಡಲೆಕಾಯಿಬೀಜವನ್ನೂ ಬೆರೆಸುತ್ತ, ಬೆರೆಸಿದಷ್ಟನ್ನೇ ತಿನ್ನುತ್ತ, ಸಂಜೆಗೆ ರೇಷ್ಮೆ ಲಂಗವುಟ್ಟು ಮನೆಮನೆಗೆ ಎಳ್ಳು ಬೀರಲು ಹೊರಟಿತು. ಬೀದಿಯಲ್ಲಿ ನಾನು ಹೆಸರು ಸಹ ತಿಳಿಯದಿದ್ದ ಹನ್ನೆರಡು ಮನೆಗಳವರು ಆ ಒಂದು ಸಂಜೆಯಲ್ಲಿ ನಮಗೆ ಪರಿಚಿತರಾದರು.

ಯುಗಾದಿಗೆ ಬೇವುಬೆಲ್ಲ, ದಸರೆಗೆ ಗೊಂಬೆಗಳ ಮೆಟ್ಟಿಲು, ದೀಪಾವಳಿಗೆ ಎಣ್ಣೆನೀರು ಇವು ಒಂದೊಂದಾಗಿ ಮನೆಯೊಳಗೆ ಬಂದುವು. ಬೇವಿನ ಕಹಿಯನ್ನು ಬೆಲ್ಲದೊಡನೆ ನುಂಗುವುದರಲ್ಲಿ ಒಂದು ಜೀವನಪಾಠವಿದೆ. ಅದನ್ನು ಕಲಿಯಲು ದೇವರ ಅಪ್ಪಣೆ ಬೇಕಿಲ್ಲ. ನನ್ನ ಸ್ನೇಹಿತರೊಬ್ಬರು, “ಇದು ಆತ್ಮವಂಚನೆಯಲ್ಲವೆ?” ಎಂದು ಹಾಸ್ಯ ಮಾಡಿದರು. ಆದರೆ ನಾವು ಒಂದು ನಿಯಮವನ್ನು ಮಾಡಿಕೊಂಡಿದ್ದೆವು: ಮಗುವಿಗೆ ಸುಳ್ಳು ಹೇಳಕೂಡದು. ಗಣಪತಿಗೆ ಆನೆಯ ತಲೆ ಬಂದ ಕಥೆಯನ್ನು ಹೇಳಿ ಮುಗಿಸಿದಾಗ, “ಇದು ನಿಜವೆ?” ಎಂದು ಮಗಳು ಕೇಳಿದಳು. “ಇದು ಕಥೆ. ಅತ್ತೆ ಇದನ್ನು ನಿಜವೆಂದು ನಂಬುತ್ತಾಳೆ, ನಾನು ನಂಬುವುದಿಲ್ಲ. ಇಬ್ಬರಿಗೂ ಕಥೆ ಇಷ್ಟ. ನೀನು ದೊಡ್ಡವಳಾದ ಮೇಲೆ ನಿನಗೆ ತೋರಿದಂತೆ ತಿಳಿದುಕೊ” ಎಂದೆ. ಚೌತಿಯ ಚಂದ್ರನನ್ನು ನೋಡಿದರೆ ಕೃಷ್ಣನಿಗೆ ಶಮಂತಕಮಣಿಯ ಅಪವಾದ ಬಂದಂತೆ ನಮಗೂ ಬರುತ್ತದೆಂದು ಅಕ್ಕ ಎಚ್ಚರಿಸಿದಳು. ಮಗಳು ಕತ್ತಲಾಗುತ್ತಲೆ ಮಹಡಿ ಹತ್ತಿ ನೋಡಿಯೇ ಬಂದಳು! ಮರುದಿನ ಶಾಲೆಯಲ್ಲಿ ಯಾರದೋ ಸೀಸದಕಡ್ಡಿ ಕಳೆದುಹೋಗಿ ಇವಳ ಚೀಲವನ್ನೂ ಹುಡುಕಿದರಂತೆ. ಅಕ್ಕ ಗೆದ್ದಳೆಂದು ನಾವೆಲ್ಲರೂ ನಕ್ಕೆವು, ಅಕ್ಕನೂ ನಕ್ಕಳು.

ಇಷ್ಟರ ಮಟ್ಟಿಗೆ ನನ್ನ ಸಮಸ್ಯೆ ಪರಿಹಾರವಾಯಿತೆಂದೇ ನಾನು ತಿಳಿದಿದ್ದೆ. ಭಕ್ತಿಯನ್ನು ಬಿಟ್ಟು ಹಬ್ಬವನ್ನು ಇಟ್ಟುಕೊಳ್ಳಬಹುದು. ಕಡುಬಿಗೆ ದೇವರ ಸಾಕ್ಷಿ ಬೇಡ. ಈ ಸಮಾಧಾನದಲ್ಲಿ ನಾಲ್ಕು ವರ್ಷ ಕಳೆದುವು.

ಮಗಳಿಗೆ ಒಂಬತ್ತು ತುಂಬಿದ ವರ್ಷ ಗೌರೀ ಹಬ್ಬದಂದು ಎಂದಿನಂತೆ ನೆರೆಹೊರೆಯ ಹೆಂಗಸರು ಅರಿಸಿನ ಕುಂಕುಮಕ್ಕೆ ಬಂದಿದ್ದರು. ಬಾಗಿನದ ಮೊರಗಳನ್ನು ತೊಳೆದು ಅರಿಸಿನ ಹಚ್ಚಿದವಳು ಅಕ್ಕ. ಅವುಗಳಲ್ಲಿ ಧಾನ್ಯ, ಬೆಲ್ಲ, ಬಳೆ, ಕನ್ನಡಿ, ರವಿಕೆಯ ಕಣಗಳನ್ನು ಜೋಡಿಸಿದವಳು ಅಕ್ಕ. ಬೆಳಗಿನ ಜಾವದಿಂದ ಒಲೆಯ ಮುಂದೆ ನಿಂತು ಅಡಿಗೆ ಮಾಡಿದವಳೂ ಅಕ್ಕ. ಹೆಂಗಸರ ಕಾಲಸಪ್ಪಳ ಕೇಳುತ್ತಲೆ ಅವಳು ಕೈಯೊರೆಸಿಕೊಂಡು ಹಿಂದಿನ ಕೋಣೆಗೆ ಹೋದಳು. ಯಾರೂ ಹೋಗೆಂದು ಹೇಳಲಿಲ್ಲ. ನಾಲ್ಕು ವರ್ಷದಿಂದಲೂ ಹಾಗೆಯೇ ಹೋಗುತ್ತಿದ್ದಳು. ನಾನು ನೋಡಿದ್ದೆ, ನೋಡಿಯೂ ಕಂಡಿರಲಿಲ್ಲ. ನನ್ನ ಮಡದಿ ಬಂದವರಿಗೆ ಕುಂಕುಮವಿಟ್ಟು ಬಾಗಿನ ಕೊಟ್ಟು ಕಳುಹಿಸಿದಳು.

ರಾತ್ರಿ ಊಟವಾದ ಮೇಲೆ ಮಗಳು ಕೇಳಿದಳು: “ಅತ್ತೆ ಏಕೆ ಹೊರಗೆ ಬರಲಿಲ್ಲ?”

ಗಂಡನಿಲ್ಲದವರು ಅರಿಸಿನ ಕುಂಕುಮ ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ, ಹಿಂದಿನಿಂದ ಬಂದ ಪದ್ಧತಿ ಎಂದು ನಾನು ತಡವರಿಸಿದೆ.

“ದೇವರಿಲ್ಲವೆಂದು ನೀನು ಹೇಳುತ್ತೀಯಲ್ಲ ಅಪ್ಪ. ಹಾಗಾದರೆ ಅತ್ತೆ ಬರಕೂಡದೆಂದು ಹೇಳಿದವರು ಯಾರು?”

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮಗುವಿನ ಪ್ರಶ್ನೆಗೆ ಇದ್ದದ್ದು ಒಂದೇ ಉತ್ತರ: ಹೇಳಿದವನು ನಾನು. ನಂಬುವವನಿಗೆ ಶಾಸ್ತ್ರದ ಆಸರೆಯುಂಟು. ತಪ್ಪೋ ಒಪ್ಪೋ, ಇದು ನನ್ನ ಇಚ್ಛೆಯಲ್ಲ, ಮೇಲಿನವನ ಕಟ್ಟಳೆ ಎಂದು ಅವನು ಹೇಳಬಹುದು. ನಂಬದವನಿಗೆ ಆ ಆಸರೆಯಿಲ್ಲ. ಅವನ ಮನೆಯಲ್ಲಿ ಉಳಿದಿರುವ ಪ್ರತಿಯೊಂದು ಆಚಾರವೂ ಅವನು ಆರಿಸಿ ಉಳಿಸಿಕೊಂಡದ್ದು. ಅದರ ಸಿಹಿಗೂ ಕಹಿಗೂ ಅವನೇ ಹೊಣೆ. ನಾನು ದೇವರನ್ನು ಮನೆಯಿಂದ ಕಳುಹಿಸಿದ್ದೆ. ದೇವರ ಹೆಸರಿನಲ್ಲಿ ನನ್ನ ಅಕ್ಕನನ್ನು ಕತ್ತಲೆಯ ಕೋಣೆಯಲ್ಲಿ ಕೂರಿಸಿದ್ದ ಕಟ್ಟಳೆಯನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡಿದ್ದೆ.

ವಿಧವೆಯರ ಪುನರ್ವಿವಾಹಕ್ಕೆ ಈ ದೇಶದಲ್ಲಿ ಕಾನೂನಿನ ಒಪ್ಪಿಗೆ ದೊರೆತದ್ದು 1856ರಲ್ಲಿ. ಅಷ್ಟು ಹಿಂದೆಯೇ ಕಾನೂನು ದಾಟಿದ ಹೊಸಿಲನ್ನು ನಮ್ಮ ಕುಂಕುಮದ ಬಟ್ಟಲು ಇನ್ನೂ ದಾಟಿರಲಿಲ್ಲ. ಇನ್ನೊಂದು ಸಂಗತಿ ನನ್ನನ್ನು ಮತ್ತಷ್ಟು ನಾಚಿಸಿತು. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿದರು. ದೇವರ ಗರ್ಭಗುಡಿಯ ಬಳಿ ಭಕ್ತರು ಮಾಡಲು ಅಂಜದ ಕೆಲಸವನ್ನು ದೇವರಿಲ್ಲವೆನ್ನುವ ನಾನು ನನ್ನ ಮನೆಯ ನಡುಮನೆಯಲ್ಲಿ ಮಾಡಿರಲಿಲ್ಲ.

ಮರುದಿನ ಅಕ್ಕನೊಡನೆ ಮಾತೆತ್ತಿದೆ. ಮುಂದಿನ ವರ್ಷ ನೀನೇ ಬಾಗಿನ ಕೊಡಬೇಕು ಎಂದೆ. ಅವಳು ಕಡುಬಿನ ತಟ್ಟೆ ತೊಳೆಯುತ್ತಿದ್ದವಳು ನಿಲ್ಲಿಸಿ ನನ್ನನ್ನು ನೋಡಿದಳು.

“ನಿನಗೆ ನಂಬಿಕೆಯಿಲ್ಲ, ನಿನಗೆ ಇದೆಲ್ಲ ಸುಲಭ ಕಣೋ. ನನಗೆ ಹಾಗಲ್ಲ. ನನ್ನ ಕೈಯಿಂದ ಬಾಗಿನ ತೆಗೆದುಕೊಂಡವಳ ಮನೆಯಲ್ಲಿ ನಾಳೆ ಏನಾದರೂ ಆದರೆ ನಾನು ಹೇಗೆ ಬದುಕಲಿ? ಮೊದಲಿನಿಂದ ಬಂದದ್ದನ್ನು ನನ್ನ ಸಲುವಾಗಿ ಮುರಿಯಬೇಡ.”

ಮೊದಲಿನಿಂದ ಬಂದದ್ದು ಎಷ್ಟೋ ಬದಲಾಗಿದೆಯೆಂದು ನಾನು ವಾದಿಸಿದೆ. ಮನೆಯ ಪೂಜೆಯಾಗಿದ್ದ ಗಣಪತಿ ಹಬ್ಬವನ್ನು ತಿಲಕರು ಸಾರ್ವಜನಿಕ ಉತ್ಸವವಾಗಿ ಬೆಳೆಸತೊಡಗಿದ್ದು 1893ರ ಸುಮಾರಿಗೆ. ಬೀದಿಯ ಚಪ್ಪರವೇನೂ ಅನಾದಿಯಲ್ಲ. ನಡುವೆ ಮಣ್ಣಿನ ಗಣಪತಿಯ ಜಾಗಕ್ಕೆ ಪ್ಲಾಸ್ಟರ್ ಗಣಪತಿ ಬಂದಿತು. ಕೆರೆಗಳು ಕೆಡುತ್ತವೆಂದು 2010ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮಾರ್ಗಸೂಚಿ ಹೊರಡಿಸಿದ ಮೇಲೆ ಅನೇಕರು ಮತ್ತೆ ಬಣ್ಣವಿಲ್ಲದ ಜೇಡಿಮಣ್ಣಿಗೆ ಹಿಂದಿರುಗಿದರು. ಕೆರೆಯ ನೀರಿಗಾಗಿ ಹಬ್ಬವನ್ನು ತಿದ್ದಬಹುದಾದರೆ ಮನುಷ್ಯರ ಕಣ್ಣೀರಿಗಾಗಿ ತಿದ್ದಕೂಡದೆ? ಅಕ್ಕ ಉತ್ತರ ಕೊಡಲಿಲ್ಲ. ನಾನು ವಾದದಲ್ಲಿ ಗೆದ್ದೆ. ಆದರೆ ಅವಳ ಭಯ ಸೋಲಲಿಲ್ಲ. ಅವಳ ನಂಬಿಕೆಯನ್ನು ತುಳಿದು ಅವಳಿಗೆ ಗೌರವ ಕೊಡುತ್ತೇನೆನ್ನುವುದೂ ಒಂದು ಬಗೆಯ ದಬ್ಬಾಳಿಕೆಯೆಂದು ಆಗ ನನಗೆ ಹೊಳೆಯಿತು.

ದಾರಿ ತೋರಿಸಿದವಳು ನನ್ನ ಮಡದಿ. ಮುಂದಿನ ಗೌರಿಗೆ ಒಂದು ವಾರವಿರುವಾಗ ಅವಳು ಅಕ್ಕನಿಗೆ, “ಅಕ್ಕ, ನಿಮ್ಮನ್ನು ಕೊಡಿ ಎಂದು ನಾನು ಬಲವಂತ ಮಾಡುವುದಿಲ್ಲ. ಆದರೆ ನೀವು ಒಳಗಿರುವಾಗ ನಾನು ಕೊಡಲಾರೆ. ಈ ವರ್ಷ ಬಾಗಿನ ಬೇಡ. ಬಂದವರೆಲ್ಲರಿಗೂ ಎಲೆ ಅಡಿಕೆ, ತೆಂಗಿನಕಾಯಿ, ಹಣ್ಣು. ಅದನ್ನು ಪುಟ್ಟಿ ಕೊಡುತ್ತಾಳೆ. ಅರಿಸಿನ ಕುಂಕುಮದ ಭರಣಿಗಳು ತಟ್ಟೆಯಲ್ಲಿರಲಿ. ಬೇಕಾದವರು ತಾವೇ ಇಟ್ಟುಕೊಳ್ಳಲಿ. ನೀವು ನಡುಮನೆಯಲ್ಲಿ ಕುಳಿತಿರಬೇಕು, ಅಷ್ಟೆ” ಎಂದಳು.

ಅಕ್ಕ ಎರಡು ದಿನ ಮಾತನಾಡಲಿಲ್ಲ. ಮೂರನೆಯ ದಿನ ಮಾರುಕಟ್ಟೆಯಿಂದ ತರಬೇಕಾದ ಬಾಳೆಹಣ್ಣಿನ ಲೆಕ್ಕ ಹೇಳಿದಳು. ಒಪ್ಪಿದಳೆಂದು ನಾವು ತಿಳಿದುಕೊಂಡೆವು.

ಹಬ್ಬದ ಸಂಜೆ ಅವಳು ಒಗೆದ ಸೀರೆಯುಟ್ಟು, ಬಾಗಿಲಿಗೆ ಸ್ವಲ್ಪ ಮರೆಯಾಗಿ, ಚಾಪೆಯ ಅಂಚಿನಲ್ಲಿ ಕುಳಿತಳು. ಬಂದ ಹೆಂಗಸರಲ್ಲಿ ಒಬ್ಬರು ಅವಳನ್ನು ನೋಡಿ ಬಾಗಿಲಲ್ಲೇ ತಡೆದು, ಆಮೇಲೆ ಬರುತ್ತೇನೆಂದು ಹೇಳಿ ಹೋದರು, ಆಮೇಲೆ ಬರಲಿಲ್ಲ. ಅಕ್ಕನ ಮುಖ ಬಾಡಿದ್ದನ್ನು ನಾನು ಕಂಡೆ. ನಮ್ಮ ಸುಧಾರಣೆಯ ಬೆಲೆಯನ್ನು ತೆತ್ತವಳು ಅವಳು, ನಾವಲ್ಲ. ಅಷ್ಟರಲ್ಲಿ ಎದುರುಮನೆಯ ವೃದ್ಧ ಸುಮಂಗಲಿಯೊಬ್ಬರು ಒಳಗೆ ಬಂದು, ಸುತ್ತ ನೋಡಿ, ನೇರವಾಗಿ ಅಕ್ಕನ ಪಕ್ಕದಲ್ಲಿ ಕುಳಿತು, “ನಿಮ್ಮ ಕಡುಬಿಗೆ ಹೂರಣವನ್ನು ಹೇಗೆ ಹದ ಮಾಡುತ್ತೀರಿ? ನಾಲ್ಕು ವರ್ಷದಿಂದ ಕೇಳಬೇಕೆಂದಿದ್ದೆ, ನೀವು ಕಣ್ಣಿಗೇ ಬೀಳಲಿಲ್ಲವಲ್ಲ” ಎಂದರು. ಅಕ್ಕ ಹೇಳತೊಡಗಿದಳು. ಮಗಳು ಎಲ್ಲರಿಗೂ ಕೊಟ್ಟಂತೆಯೇ ತಾಂಬೂಲದ ತಟ್ಟೆಯನ್ನು ಅತ್ತೆಯ ಮುಂದೆ ಹಿಡಿದಳು. ಅಕ್ಕ ಕಾಯಿಯನ್ನೂ ಹಣ್ಣನ್ನೂ ತೆಗೆದುಕೊಂಡಳು. ಕುಂಕುಮದ ಭರಣಿಯನ್ನು ಮುಟ್ಟಲಿಲ್ಲ. “ನನಗೆ ಇಷ್ಟು ಸಾಕು” ಎಂದಳು. ಅದು ಅವಳು ಆರಿಸಿಕೊಂಡದ್ದು, ನಾವು ಮರುಮಾತಾಡಲಿಲ್ಲ.

ದೇವರನ್ನು ನಂಬದ ತಂದೆತಾಯಿಗಳು ಮಕ್ಕಳೊಡನೆ ಹಬ್ಬ ಮಾಡಬಹುದೆ ಎಂದು ಈಗ ಯಾರಾದರೂ ಕೇಳಿದರೆ, ಧಾರಾಳವಾಗಿ ಮಾಡಿ ಎನ್ನುತ್ತೇನೆ. ಎಳ್ಳು ಬೀರುವ ಸಂಜೆಯನ್ನೂ ಬೇವುಬೆಲ್ಲದ ಬೆಳಗನ್ನೂ ಮಕ್ಕಳಿಂದ ಕಸಿದುಕೊಳ್ಳಲು ನಮಗೆ ಅಧಿಕಾರವಿಲ್ಲ. ಅವು ನಮಗೆ ಬಿಟ್ಟಿಯಾಗಿ ಬಂದ ಆಸ್ತಿ, ಮುಂದಿನವರಿಗೆ ದಾಟಿಸತಕ್ಕದ್ದು. ಆದರೆ ಆಸ್ತಿಯೊಡನೆ ಸಾಲವೂ ಬರುತ್ತದೆಂಬುದನ್ನು ಮರೆಯಬಾರದು. ಹಬ್ಬದ ದಿನ ನಡುಮನೆಯಲ್ಲಿ ಯಾರಿದ್ದಾರೆಂದು ನೋಡಿದರೆ ಸಾಲದು. ಹಿಂದಿನ ಕೋಣೆಯಲ್ಲಿ ಯಾರಿದ್ದಾರೆ, ಅವರನ್ನು ಅಲ್ಲಿ ಕೂರಿಸಿದವರು ಯಾರು ಎಂದೂ ನೋಡಬೇಕು. ದೊಡ್ಡವರು ನೋಡದಿದ್ದರೆ ಮಕ್ಕಳು ನೋಡಿಯೇ ನೋಡುತ್ತಾರೆ.

ಈ ಸಲದ ಗೌರಿಗೆ ಅಕ್ಕ ಚಾಪೆಯ ಅಂಚಿನಿಂದ ನಡುವಿಗೆ ಬಂದಿದ್ದಾಳೆ. ಹೂರಣದ ಹದವನ್ನು ಮಗಳಿಗೆ ಕಲಿಸಿದ್ದಾಳೆ. ತೋರಣವನ್ನು ಈ ಬಾರಿ ನಾನು ಹೆಚ್ಚು ಯೋಚಿಸದೆ ಕಟ್ಟಿದೆ.