ಸೀಟಿಗೆ ಸ್ಪ್ರಿಂಗೂ ಇಲ್ಲಲ್ಲೋ

ಬಲಗೈ ಕಿರುಬೆರಳಿಂದ ಎಷ್ಟು ಕೆಲಸ ನಡೆಯುತ್ತೆ ಅಂತ ಯಾರೂ ಲೆಕ್ಕ ಇಟ್ಟಿರಲ್ಲ. ಸೆಮಿಕೋಲನ್ ಅದರದ್ದು, ಎಂಟರ್ ಅದರದ್ದು, ತಪ್ಪಾದಾಗ ಒತ್ತುವ ಬ್ಯಾಕ್‌ಸ್ಪೇಸೂ ಅದರದ್ದೇ. ಹತ್ತು ವರ್ಷ ಕೋಡ್ ಬರೆದು ಹೊಟ್ಟೆ ಹೊರೆದಿರೋ ನಂಗೆ ಇದು ಗೊತ್ತಾಗಿದ್ದು 2024ರ ಜೂನ್‌ನಲ್ಲಿ, ಆ ಬೆರಳು ಮತ್ತು ಪಕ್ಕದ ಉಂಗುರದ ಬೆರಳು ಎರಡೂ ನನ್ನವೇ ಅಲ್ಲವೇನೋ ಅನ್ನೋ ಹಂಗೆ ಮರಗಟ್ಟಿದಾಗ.

ಕಾರಣ ಸೈಕಲ್ಲು. ಬಿಆರ್‌ಎಂ ಅಂತ ಒಂದು ಹುಚ್ಚು ಇದೆ. ಫ್ರಾನ್ಸಿನ ಆಡಾಕ್ಸ್ ಕ್ಲಬ್ಬಿನವರ ನಿಯಮ. 200 ಕಿಲೋಮೀಟರಿಗೆ ಹದಿಮೂರೂವರೆ ತಾಸು, 300ಕ್ಕೆ ಇಪ್ಪತ್ತು ತಾಸು. ರೇಸ್ ಅಲ್ಲ, ಮೊದಲು ಬಂದವನಿಗೆ ಬಹುಮಾನ ಇಲ್ಲ, ಕೊನೆಗೆ ಬಂದವನಿಗೆ ನಾಚಿಕೆ ಇಲ್ಲ. ನಾನು ಮೊದಲ ಸಲ 300 ಹೋಗಿದ್ದೆ. 240ರ ಹೊತ್ತಿಗೆ ಗೇರ್ ಬದಲಿಸೋಕೆ ಬೆರಳು ಏಳಲಿಲ್ಲ. ಅಂಗೈಯಿಂದಲೇ ಲಿವರ್ ನೂಕಿಕೊಂಡು ಬಂದು, ಇಪ್ಪತ್ತು ನಿಮಿಷ ಉಳಿದಿರುವಾಗ ಮುಗಿಸಿದೆ. ಫೋಟೋದಲ್ಲಿ ಹೆಬ್ಬೆರಳು ಎತ್ತಿ ನಗ್ತಿದೀನಿ. ಏಳ್ತಾ ಇದ್ದದ್ದು ಅದೊಂದೇ.

ಮೂರು ವಾರ ಆದರೂ ಸರಿಹೋಗದೆ ಡಾಕ್ಟರ್ ಹತ್ರ ಹೋದೆ. ಮಣಿಕಟ್ಟಿನಲ್ಲಿ ಅಲ್ನಾರ್ ಅನ್ನೋ ನರ ಒಂದು ಇಕ್ಕಟ್ಟಾದ ದಾರಿಯಲ್ಲಿ ಹಾದುಹೋಗುತ್ತಂತೆ, ಅದಕ್ಕೆ ಗಿಯೋನ್ಸ್ ಕೆನಾಲ್ ಅಂತ ಹೆಸರು. ತುಂಗಭದ್ರಾ ಎಡದಂಡೆ ಕಾಲುವೆಯ ಕಡೆಯಿಂದ ಬಂದವನಿಗೆ ಕೈಯೊಳಗೂ ಒಂದು ಕೆನಾಲ್ ಇದೆ ಅಂತ ಕೇಳಿ ನಗು ಬಂತು. ಡಾಕ್ಟರ್ ನಗಲಿಲ್ಲ. ಗಂಟೆಗಟ್ಟಲೆ ಹ್ಯಾಂಡಲ್ ಮೇಲೆ ಭಾರ ಬಿಟ್ಟು, ಮೇಲಿಂದ ರಸ್ತೆಯ ನಡುಕ ಸೇರಿದರೆ ನರ ಜಜ್ಜಿಹೋಗುತ್ತೆ, ಹೀಗೇ ಮುಂದುವರೆದರೆ ಬೆರಳಿನ ಶಕ್ತಿಯೇ ಹೋಗಬಹುದು ಅಂದರು. "ಸೈಕಲ್ ಬಿಡಿ, ಇಲ್ಲಾ ಸೈಕಲ್ ಬದಲಿಸಿ."

ಬಿಡೋದು ಆಗಲ್ಲ ಅಂತ ಅಲ್ಲೇ ಗೊತ್ತಿತ್ತು. ಬೆಂಗಳೂರಲ್ಲಿ ನಾನು ಯಾರ ಕ್ಯಾಲೆಂಡರಿಗೂ ಸಿಗದೆ ಇರೋದು ಶನಿವಾರ ಬೆಳಗಿನ ಜಾವ ನಂದಿ ಬೆಟ್ಟದ ಕಡೆ ಹೋಗೋ ಆ ನಾಲ್ಕು ತಾಸು ಮಾತ್ರ.

ನನ್ನ ಹಳೇ ಸೈಕಲ್ಲು 2019ರಲ್ಲಿ ತಗೊಂಡಿದ್ದು. ರೇಸಿನವರ ಅಳತೆ: ಹ್ಯಾಂಡಲ್ ತಗ್ಗಿನಲ್ಲಿ, ಮೈ ಮುಂದಕ್ಕೆ ಬಾಗಬೇಕು, ಟಾಯರು 25 ಮಿಲಿಮೀಟರ್, ಅದಕ್ಕೆ 95 ಪಿಎಸ್‌ಐ ಗಾಳಿ. ಕಲ್ಲಿನ ಹಂಗೆ ಗಟ್ಟಿ. ಆಗ ಅದಕ್ಕೆ ಅರವತ್ತೆಂಟು ಸಾವಿರ ಕೊಟ್ಟು ಅಪ್ಪನಿಗೆ ಎಂಟು ಸಾವಿರ ಅಂತ ಹೇಳಿದ್ದೆ. ಎಂಟು ಸಾವಿರಕ್ಕೇ ಅಪ್ಪ, "ಅಷ್ಟ್ಯಾಕ ಕೊಟ್ಟೀಲೇ" ಅಂದಿದ್ದ.

ಸರಿ, ಹುಡುಕಾಟ ಶುರುವಾಯ್ತು. ಎಂಡ್ಯೂರೆನ್ಸ್ ಬೈಕ್ ಅಂತ ಒಂದು ಜಾತಿಯೇ ಇದೆ. ಹ್ಯಾಂಡಲ್ ಸ್ವಲ್ಪ ಮೇಲೆ, ಸ್ವಲ್ಪ ಹತ್ತಿರ, ಎರಡು ಗಾಲಿಯ ನಡುವೆ ಅಂತರ ಸ್ವಲ್ಪ ಜಾಸ್ತಿ. ಕೆಲವದರಲ್ಲಿ ಫ್ರೇಮಿನ ಒಳಗೇ ಕುಲುಕಾಟ ನುಂಗೋ ಏರ್ಪಾಡು ಇರುತ್ತೆ. ಇದೆಲ್ಲದರ ಹಿಂದೆ ಇರೋದು ಪ್ಯಾರಿಸ್-ರೂಬೇ ಅನ್ನೋ ರೇಸು. 1896ರಿಂದ ನಡೀತಿದೆ, ಈಗ ಸುಮಾರು 260 ಕಿಲೋಮೀಟರ್, ಅದರಲ್ಲಿ ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ಹೊಲದ ನಡುವಿನ ಕಲ್ಲು ಹಾಸಿದ ದಾರಿ. 1992, 93ರಲ್ಲಿ ಡುಕ್ಲೋ-ಲಸಾಲ್ ಅನ್ನೋನು ಮುಂದಿನ ಫೋರ್ಕಿಗೆ ಮೋಟರ್ ಸೈಕಲ್ಲಿನ ಥರ ಶಾಕ್ ಹಾಕ್ಕೊಂಡು ಎರಡು ವರ್ಷವೂ ಗೆದ್ದ. ಆದರೂ ರೋಡ್ ಬೈಕಿನಲ್ಲಿ ಅದು ಉಳಿಯಲಿಲ್ಲ. ಭಾರ ಜಾಸ್ತಿ, ತುಳಿದಾಗ ಮೇಲೆ ಕೆಳಗೆ ಆಡುತ್ತೆ.

ಈಗಿನವರು ಉಪಾಯ ಬದಲಿಸಿದ್ದಾರೆ. ಗಾಲಿಗೆ ಶಾಕ್ ಹಾಕೋ ಬದಲು ಮನುಷ್ಯನಿಗೆ ಹಾಕೋದು. ಸ್ಪೆಷಲೈಸ್ಡ್‌ನವರ ರೂಬೇ ಮಾಡೆಲ್ಲಿನಲ್ಲಿ 2016ರಿಂದ ಫ್ಯೂಚರ್ ಶಾಕ್ ಅಂತ ಇದೆ. ಹ್ಯಾಂಡಲ್ಲಿನ ಬುಡದಲ್ಲಿ ಒಂದು ಸ್ಪ್ರಿಂಗು, ಇಪ್ಪತ್ತು ಮಿಲಿಮೀಟರ್ ಕುಸಿಯುತ್ತೆ. ಗಾಲಿ ಗುಂಡಿಗೆ ಬಿದ್ದರೆ ಸೈಕಲ್ ಮೇಲೇಳುತ್ತೆ, ಕೈ ಇದ್ದಲ್ಲೇ ಇರುತ್ತೆ. 2019ರಲ್ಲಿ ಅದಕ್ಕೆ ಎಣ್ಣೆಯ ಡ್ಯಾಂಪಿಂಗೂ, ಮೇಲೆ ಗಟ್ಟಿ-ಮೆತ್ತಗೆ ಮಾಡೋಕೆ ಒಂದು ತಿರುಗಣಿಯೂ ಬಂತು. ಟ್ರೆಕ್‌ನವರ ದೊಮಾನೆ 2012ರಲ್ಲಿ ಬಂದದ್ದು, ಕ್ಯಾನ್ಸೆಲಾರನ ಜೊತೆ ಕೂತು ಮಾಡಿದ್ದು. ಅದರಲ್ಲಿ ಸೀಟಿನ ಕೊಳವೆಯನ್ನು ಮೇಲಿನ ಕೊಳವೆಗೆ ಬೆಸೆದೇ ಇಲ್ಲ, ನಡುವೆ ಬೇರಿಂಗ್ ಇಟ್ಟಿದ್ದಾರೆ. ಕುಲುಕಿದಾಗ ಸೀಟಿನ ಕೊಳವೆ ಬಿದಿರಿನ ಗಳ ಬಾಗಿದ ಹಂಗೆ ಬಾಗುತ್ತೆ. ಮುಂದಕ್ಕೂ ಅಂಥದ್ದೇ ಒಂದನ್ನು ಕೆಲವು ವರ್ಷ ಹಾಕಿದ್ದರು, 2022ರ ಹೊಸ ಮಾಡೆಲ್ಲಿನಲ್ಲಿ ಅದನ್ನ ತೆಗೆದೇಬಿಟ್ಟರು. ಭಾರ ಕಮ್ಮಿಯಾಯ್ತು, ಟಾಯರಿಗೆ ಜಾಗ 38 ಮಿಲಿಮೀಟರಿನಷ್ಟು ಬಿಟ್ಟರು. ಈ ಕಡೆ ವಾಕ್ಯವನ್ನ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಎರಡನ್ನೂ ಓಡಿಸಿ ನೋಡಿದೆ. ದೊಮಾನೆ ನನ್ನ ಬೆನ್ನಿಗೆ ಹಾಯ್ ಅನಿಸಿತು, ಆದರೆ ನನ್ನ ರೋಗ ಇದ್ದದ್ದು ಕೈಯಲ್ಲಿ. ರೂಬೇ ಅಂತೂ ಸ್ಪೀಡ್ ಬ್ರೇಕರ್ ಮೇಲೆ ಹೋದರೆ ಹ್ಯಾಂಡಲ್ಲೇ "ಹೋಗ್ಲಿ ಬಿಡಪ್ಪ" ಅಂದ ಹಂಗಿತ್ತು. ನಂಗೆ ಬೇಕಾದದ್ದು ಅದೇ. ಬೆಲೆ ಮಾತ್ರ ನಂಗೆ ಹೊಂದೋ ಮಾಡೆಲ್ಲಿಗೆ ಮೂರು ಲಕ್ಷ ದಾಟ್ತಿತ್ತು. ಇಎಂಐ ಲೆಕ್ಕ ಹಾಕಿ ಶೀಟ್ ಮಾಡಿದೆ. ಹೆಂಡತಿ ಅದನ್ನ ನೋಡಿ, "ಇದ್ರಾಗ 'ಆಸೆ' ಅನ್ನೋ ಕಾಲಮ್ ಎಲ್ಲಿ?" ಅಂದಳು. ಆದರೂ ಆಗಸ್ಟ್ ಎರಡನೇ ವಾರ ಅಡ್ವಾನ್ಸ್ ಕೊಡೋದು ಅಂತ ನಿಕ್ಕಿ ಮಾಡಿದ್ದೆ.

ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಚೈನ್ ಕಡಿದು ಕೊಚ್ಚಿಹೋಯ್ತು.

ಬೆಂಗಳೂರಿನವರಿಗೆ ಅದು ಭಾನುವಾರದ ಒಂದು ಸುದ್ದಿ. ಸಾಲಗುಂದದಲ್ಲಿ ಹುಟ್ಟಿದವನಿಗೆ ಹಂಗಲ್ಲ. ಸಿಂಧನೂರು ತಾಲೂಕು ಭತ್ತದ ನಾಡಾಗಿದ್ದೇ ಆ ಕಾಲುವೆಯಿಂದ, ಅದಿಲ್ಲದಿದ್ದರೆ ಎರೆ ಹೊಲ, ಜೋಳ, ಆಕಾಶ. ಹಿಂದಿನ ವರ್ಷ 2023ರಲ್ಲಿ ಬರ ಬಿದ್ದು ಎರಡನೇ ಬೆಳೆ ಹೋಗಿತ್ತು. ಈ ವರ್ಷ ಡ್ಯಾಮ್ ತುಂಬಿತ್ತು, ಅಪ್ಪ ನಾಟಿ ಮಾಡಿಸಿ, ಗೊಬ್ಬರ ಸಾಲ ತಂದು ಕೂತಿದ್ದ. ಈಗ ಒಡೆದ ಗೇಟಿಗೆ ಮುಚ್ಚಳ ಹಾಕಬೇಕಾದರೆ ತುಂಬಿದ ಡ್ಯಾಮನ್ನೇ ಖಾಲಿ ಮಾಡಬೇಕು ಅಂತಿದ್ದರು.

ಫೋನ್ ಮಾಡಿದೆ. "ನೀರು ಹೊಂಟೈತಿ ತಮ್ಮಾ, ನೋಡಾಕಾಗವಲ್ದು" ಅಂದ. ಟಿವಿ ಹಚ್ಚಿಕೊಂಡು ಕೂತಿದ್ದಾನೆ ಅಂತ ಹಿಂದಿನ ಸದ್ದಲ್ಲೇ ಗೊತ್ತಾಗ್ತಿತ್ತು. ರೊಕ್ಕ ಬೇಕಾ ಅಂದೆ. ಬ್ಯಾಡ ಅಂದ. ಬ್ಯಾಡ ಅನ್ನೋಕೆ ತಗೊಂಡ ಹೊತ್ತು ಲೆಕ್ಕ ಹಾಕಿದೆ. ಶೋರೂಮಿನ ಹುಡುಗನಿಗೆ ಮೆಸೇಜ್ ಮಾಡಿ, ಈಗ ಬೇಡ ಅಂದೆ.

ಒಂದು ವಾರದಲ್ಲಿ, ಹರಿಯೋ ನೀರಿನಲ್ಲೇ ಸ್ಟಾಪ್ ಲಾಗ್ ಇಳಿಸಿ ಅದನ್ನ ನಿಲ್ಲಿಸಿದರು. ಆ ಕೆಲಸದ ಮುಂದೆ ನಿಂತಿದ್ದು ಕನ್ನಯ್ಯ ನಾಯ್ಡು ಅನ್ನೋ ಹಿರಿಯ ಎಂಜಿನಿಯರು. ನಾನೂ ಬಿಇ ಓದಿದವನೇ, ಅವತ್ತು ಟಿವಿ ನೋಡ್ತಾ ಆ ಪದವಿಯ ಬಗ್ಗೆ ಸ್ವಲ್ಪ ಸಣ್ಣವನಾದೆ ಅಂತ ಇಲ್ಲಿ ಹೇಳ್ಕೋತೀನಿ. ಮಳೆಯೂ ಕೈಬಿಡಲಿಲ್ಲ, ಡ್ಯಾಮ್ ಮತ್ತೆ ತುಂಬಿತು, ಬೆಳೆ ಉಳೀತು.

ಆದರೆ ಮೂರು ಲಕ್ಷ ಅನ್ನೋ ಮಾತು ಬಾಯಿಂದ ಮತ್ತೆ ಹೊರಡಲೇ ಇಲ್ಲ. ರೋಗ ಮಾತ್ರ ಹಂಗೇ ಇತ್ತು. ಅವಾಗ, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಸೈಕಲ್ ಫಿಟ್ಟಿಂಗ್ ಮಾಡೋರ ಹತ್ರ ಎರಡು ತಾಸು ಕೂತೆ. ನನ್ನ ಸೀಟು ಮೂಗಿನ ಕಡೆ ತಗ್ಗಿಸಿದ್ದರಿಂದ ಮೈ ಮುಂದಕ್ಕೆ ಜಾರಿ, ಜಾರಿದ ಭಾರವನ್ನೆಲ್ಲ ಕೈ ಹೊರುತ್ತಿತ್ತು. ಹ್ಯಾಂಡಲ್ಲೂ ನನ್ನ ತೋಳಿಗೆ ದೂರ. ಅಂದರೆ ಅರ್ಧ ರೋಗ ಸ್ಪ್ರಿಂಗ್ ಇಲ್ಲದ್ದಕ್ಕೆ ಬಂದದ್ದಲ್ಲ, ನಾನು ಯೂಟ್ಯೂಬ್ ನೋಡಿ ಪ್ರೊ ರೈಡರ್ ಥರ ಕಾಣಬೇಕು ಅಂತ ಕೂತಿದ್ದಕ್ಕೆ ಬಂದದ್ದು.

ಇನ್ನರ್ಧ ಟಾಯರಿನದು. ಟಾಯರು ಅಗಲ ಆದಷ್ಟೂ ಗಾಳಿ ಕಮ್ಮಿ ಹಾಕಬಹುದು, ಗಾಳಿ ಕಮ್ಮಿಯಾದಷ್ಟೂ ರಸ್ತೆಯ ನಡುಕ ಟಾಯರಲ್ಲೇ ಸಾಯುತ್ತೆ. ಕೆಟ್ಟ ರಸ್ತೆಯಲ್ಲಿ ಗಟ್ಟಿ ಟಾಯರು ವೇಗ ಕೊಡುತ್ತೆ ಅನ್ನೋದೂ ಸುಳ್ಳು. ಕುಪ್ಪಳಿಸೋದಕ್ಕೆ ಖರ್ಚಾಗೋದು ನಮ್ಮದೇ ಶಕ್ತಿ. ದೊಡ್ಡ ಕಂಪನಿಯವರು ಮುಂದಿನ ಬೇರಿಂಗ್ ತೆಗೆದು ಟಾಯರಿಗೆ ಜಾಗ ಬಿಟ್ಟಿದ್ದು ಯಾಕೆ ಅಂತ ಈಗ ಹೊಳೀತು. ಡನ್‌ಲಪ್ ಗಾಳಿ ಟಾಯರು ಮಾಡಿದ್ದೇ ಮಗನ ಮೂರು ಗಾಲಿ ಸೈಕಲ್ಲಿನ ಕುಲುಕಾಟ ತಪ್ಪಿಸೋಕೆ.

ಕೊನೆಗೆ ನವೆಂಬರಿನಲ್ಲಿ ತಗೊಂಡಿದ್ದು ಅಲ್ಯೂಮಿನಿಯಂ ಫ್ರೇಮಿನ, ಕಾರ್ಬನ್ ಫೋರ್ಕಿನ ಒಂದು ಎಂಡ್ಯೂರೆನ್ಸ್ ಬೈಕು. ಫ್ರೇಮಿನೊಳಗೆ ಶಾಕ್ ಏನೂ ಇಲ್ಲ. 32ರ ಟ್ಯೂಬ್‌ಲೆಸ್ ಟಾಯರು, 58 ಪಿಎಸ್‌ಐ. ಹ್ಯಾಂಡಲ್ ಹಿಡಿಯೋ ಸ್ಟೆಮ್ಮಿನ ಜಾಗಕ್ಕೆ, ಒಳಗೆ ರಬ್ಬರಿನ ತುಂಡು ಇರೋ ಇನ್ನೊಂದನ್ನ ಬೇರೆ ತಗೊಂಡು ಹಾಕಿಸಿದೆ. ರಸ್ತೆ ಬಡಿದಾಗ ಅದು ಅಷ್ಟಿಷ್ಟು ಬಾಗುತ್ತೆ. ಎಲ್ಲಾ ಸೇರಿ ಒಂದು ಲಕ್ಷ ನಲವತ್ತು ಸಾವಿರ. ಯಾರಾದರೂ ಕೇಳಿದರೆ ಈಗ ನಾನು ಹೇಳೋದು ಇಷ್ಟೇ: ರೊಕ್ಕ ಇದ್ದು, ಕೈ ನೋವಿದ್ದರೆ ರೂಬೇ ಥರದ್ದು ತಗೊಳ್ಳಿ, ಅದು ಸುಳ್ಳು ಅಲ್ಲ. ಆದರೆ ಮೊದಲು ಫಿಟ್ಟಿಂಗು, ಆಮೇಲೆ ಟಾಯರು. ಅವೆರಡೂ ಆದ ಮೇಲೂ ನೋವು ಉಳಿದರೆ ಶಾಕು. ನಾನು ತಲೆಕೆಳಗಾಗಿ ಶುರು ಮಾಡಿದ್ದೆ.

2025ರ ಸಂಕ್ರಾಂತಿಗೆ ಊರಿಗೆ ಹೋಗುವಾಗ ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ಹೋದೆ. ಊರಿನ ರಸ್ತೆಯೇ ನಿಜವಾದ ಪರೀಕ್ಷೆ ಅಂತ ಗೊತ್ತಿತ್ತು. ಎರೆ ಮಣ್ಣು ಮಳೆಗೆ ಉಬ್ಬುತ್ತೆ, ಬ್ಯಾಸಿಗೆಗೆ ಬಿರಿಯುತ್ತೆ, ಮೇಲೆ ಹಾಕಿದ ಡಾಂಬರು ಅದರ ಜೊತೆ ಏರಿಳಿದು ಅಲೆ ಅಲೆ ಆಗುತ್ತೆ. ಮೇಲೆ ಭತ್ತದ ಟ್ರ್ಯಾಕ್ಟರುಗಳು. ಪ್ಯಾರಿಸ್-ರೂಬೇ ನೋಡೋಕೆ ಫ್ರಾನ್ಸಿಗೆ ಹೋಗೋದೇನೂ ಬೇಕಿಲ್ಲ.

ಅಪ್ಪನ ಅಟ್ಲಾಸ್ ಇನ್ನೂ ದನದ ಕೊಟ್ಟಿಗೆ ಪಕ್ಕ ಒರಗಿಕೊಂಡಿತ್ತು. ಅದನ್ನ ಮಾಡ್ತಿದ್ದ ಸಾಹಿಬಾಬಾದಿನ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನವೇ ಮುಚ್ಚಿತು. ಸೈಕಲ್ ಮಾತ್ರ ಇದೆ. ಅದರ ಪೈಪಿನ ಕೆಳಗೆ ಕಾಲು ತೂರಿಸಿ ನಾನು ಕಲಿತದ್ದು. ತಂಗಿಗೆ ಎಂಟನೇ ಕ್ಲಾಸಿಗೆ ಸರಕಾರದ ಸೈಕಲ್ ಬರೋವರೆಗೆ ಮನೆಗೆಲ್ಲ ಅದೊಂದೇ. ಹುಚ್ಚಿಗೆ ಟೇಪ್ ತಗೊಂಡು ಅಳೆದೆ. ಗಾಲಿ ನಂದಕ್ಕಿಂತ ದೊಡ್ಡದು. ಟಾಯರು ಒಂದೂವರೆ ಇಂಚು, ಅಂದರೆ 38 ಮಿಲಿಮೀಟರ್. ಎರಡು ಗಾಲಿಯ ಅಂತರ ನಂದಕ್ಕಿಂತ ಉದ್ದ. ಮುಂದಿನ ಫೋರ್ಕು ಚಾಚಿಕೊಂಡು ಬಾಗಿದೆ, ಹ್ಯಾಂಡಲ್ ಎತ್ತರಕ್ಕಿದೆ, ಸೀಟಿನ ಅಡಿಗೆ ಎರಡು ಸ್ಪ್ರಿಂಗ್. ಎಂಡ್ಯೂರೆನ್ಸ್ ಜಾಮೆಟ್ರಿ ಅಂತ ನಾನು ಮೂರು ತಿಂಗಳು ಓದಿದ್ದೆಲ್ಲ ಅಲ್ಲೇ ಸಗಣಿ ಮೆತ್ತಿಕೊಂಡು ನಿಂತಿತ್ತು. ಭಾರ ಮಾತ್ರ ಇಪ್ಪತ್ತು ಕೆಜಿ ಹತ್ತಿರ, ಗೇರು ಇಲ್ಲ, ಬ್ರೇಕ್ ದೇವರ ಮೇಲೆ. ಅದರಲ್ಲಿ ನಂದಿ ಬೆಟ್ಟ ಹತ್ತು ಅಂದರೆ ಹತ್ತಲ್ಲ ನಾನು.

ಅಪ್ಪ ನನ್ನ ಸೈಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಒಂದೇ ಬೆರಳಲ್ಲಿ ಎತ್ತಿ ನೋಡಿದ.

"ಎಷ್ಟಲೇ ಇದಕ್ಕ?"

ಹದಿನಾಲ್ಕು ಸಾವಿರ ಅನ್ನೋದು ಬಾಯಿ ತುದಿಗೆ ಬಂದಿತ್ತು. ಯಾಕೋ ಆ ಫೋನು, ಆ ಟಿವಿ ಸದ್ದು ನೆನಪಾಯ್ತು.

"ಒಂದು ಲಕ್ಷ ನಲವತ್ತು ಸಾವಿರ."

ಅಪ್ಪ ಸುಮ್ಮನಾದ. ತುಟಿ ಅಲ್ಲಾಡ್ತಿತ್ತು, ಲೆಕ್ಕ ಹಾಕ್ತಿದ್ದ. ನಮ್ಮ ಕಡೆ ಎಪ್ಪತ್ತೈದು ಕೆಜಿಗೆ ಒಂದು ಚೀಲ.

"ಎಂಬತ್ತ್ ಚೀಲ ನೆಲ್ಲು" ಅಂದ. ನಮ್ಮ ಹೊಲದ ಎರಡು ಎಕರೆ ಅದು. ಆಮೇಲೆ ಬಾಗಿ ಸೀಟಿನ ಅಡಿಗೆ ಕೈ ಹಾಕಿ ತಡವಿ, "ಅಷ್ಟು ರೊಕ್ಕ ಕೊಟ್ಟರೂ ಸೀಟಿಗೆ ಒಂದು ಸ್ಪ್ರಿಂಗೂ ಇಲ್ಲಲ್ಲೋ" ಅಂದು ಒಳಗೆ ಹೋದ. ರಾತ್ರಿ ರೊಟ್ಟಿ, ಪುಂಡಿಪಲ್ಯ ತಿನ್ನುವಾಗಲೂ ಆ ಮಾತು ಎತ್ತಲಿಲ್ಲ. ಅವ್ವ ಒಂದೆರಡು ಸಲ ಇಬ್ಬರ ಮುಖ ನೋಡಿದಳು. ಹೇಳಬಾರದಿತ್ತು ಅನಿಸಿ ನಿದ್ದೆ ಬರಲಿಲ್ಲ.

ಬೆಳಗ್ಗೆ ಎದ್ದರೆ ಕಟ್ಟೆ ಮೇಲೆ ಸೈಕಲ್ ಇಲ್ಲ. ಹೊರಗೆ ಬಂದು ನೋಡಿದರೆ ಪಂಕ್ಚರ್ ಅಂಗಡಿ ಮುಂದೆ ಅಪ್ಪ. ಅಂಗಡಿ ಮಾಮ ಪಂಪಿನ ಪೈಪು ಕೈಯಲ್ಲಿ ಹಿಡಿದು ನನ್ನ ಟಾಯರಿನ ವಾಲು ದಿಟ್ಟಿಸ್ತಾ ಕುಕ್ಕುರುಗಾಲಲ್ಲಿ ಕೂತಿದ್ದ. ಅದು ಪ್ರೆಸ್ಟಾ ವಾಲು, ಪೆನ್ಸಿಲ್ಲಿನಷ್ಟು ಸಣ್ಣ, ಊರಿನ ಪಂಪಿಗೆ ಕೂರಲ್ಲ.

"ಗಾಳಿ ಕಮ್ಮಿ ಐತಿ ತಮ್ಮಾ, ಒತ್ತಿದ್ರ ಹೆಬ್ಬಟ್ಟು ಒಳಗ ಹೊಕ್ಕತಿ" ಅಂದ ಅಪ್ಪ. "ಎಂಬತ್ತ್ ಚೀಲದ ಗಾಡಿ, ರಿಮ್ ಬಡದು ಹಾಳಾಗ್ತೈತಿ ಅಂತ ತಂದೆ. ಈ ಬಾಯಿಗೆ ನಮ್ ಪಂಪ್ ಕೂರವಲ್ದು."

"ಅಪ್ಪಾ, ಅದು ಹಂಗೇ ಇರಬೇಕು. ಬೇಕಂತಲೇ ಕಮ್ಮಿ ಇಟ್ಟೀನಿ, ಕೈಗೆ ಬಡಿಬಾರದು ಅಂತ."

ಅಪ್ಪ ಟಾಯರನ್ನ ಇನ್ನೊಂದು ಸಲ ಒತ್ತಿ ನೋಡಿದ. ನನ್ನ ಬಲಗೈ ನೋಡಿದ. ಅವ್ವ ಹೇಳಿರಬೇಕು.

"ಬಟ್ಟು ಇನ್ನಾ ಜುಮ್ ಅಂತಾವೇನು?"

"ಬಾಳ ದೂರ ಹೋದ್ರ ಸ್ವಲ್ಪ."

"ಹಂಗಾದ್ರ ಇಷ್ಟೇ ಇರ್ಲಿ ಬಿಡು" ಅಂದು, ಮಾಮನ ಕೈಯಿಂದ ಪೈಪು ತಗೊಂಡು ಮೊಳೆಗೆ ತೂಗುಹಾಕಿದ.